ತೀರಿಹೋದವನಿಗೊಂದು ವಧು

ವಿಮಾನ ನಿಲ್ದಾಣ

ಬಹರೈನಿನಿಂದ ಬಂದವಳು ಚಿನ್ನದ ಸುದ್ದಿ ಹೇಳುತ್ತಾಳೆಂದು ಕಾದಿದ್ದ ನೆರೆಕರೆಯವರಿಗೆ ನಾನು ನಿರಾಸೆ ಮಾಡಿದೆ. ಚಿನ್ನದಂಗಡಿಗಳ ಬೀದಿಯಲ್ಲಿ ನಾನು ನಡೆದದ್ದು ಹೌದು. ಆದರೆ ಆ ಹೊತ್ತಿಗೆ ನನ್ನ ತಲೆಯೊಳಗೆ ಆಫ್ರಿಕಾದ ಒಂದು ಹಳ್ಳಿಮನೆ ಬಂದು ಕುಳಿತಿತ್ತು. ಅರಬರ ನಾಡಿಗೆ ಹೋಗಿ ನೈಜೀರಿಯಾದ ಸುದ್ದಿ ಹೊತ್ತು ತಂದವಳು ಉಡುಪಿ ಕಡೆಯಲ್ಲಿ ನಾನೊಬ್ಬಳೇ ಇರಬೇಕು.

ಕೊಲ್ಲಿಯ ಯುದ್ಧ ಮುಗಿದು ಕೆಲವು ವರ್ಷಗಳಾಗಿದ್ದವು. ತಂಗಿ ಶಶಿಕಲಾ ಅಲ್ಲಿಂದ ಪ್ರತಿ ಸಲವೂ "ಬಾ ಅಕ್ಕ, ಈಗ ಎಂತದೂ ಹೆದರಿಕೆ ಇಲ್ಲ" ಎನ್ನುತ್ತಿದ್ದಳು. ಶಾಲೆಯ ಟೀಚರ್ ಕೆಲಸದಿಂದ ನಿವೃತ್ತಳಾದ ಮೇಲೆ ನನಗೂ ಹೇಳಲು ನೆಪ ಉಳಿಯಲಿಲ್ಲ.

ಹೆದರಿಕೆ ಇದ್ದದ್ದು ಕಸ್ಟಮ್ಸಿನಲ್ಲಿ. ಪೆಟ್ಟಿಗೆ ತೆರೆದ ಅಧಿಕಾರಿ ನನ್ನ ಅಡಕತ್ತರಿಯನ್ನು ಎತ್ತಿ ಹಿಡಿದು, ಬಾಯಿ ತೆರೆದು ಮುಚ್ಚಿ, "ಶಿನೂ ಹಾದಾ?" ಎಂದ. ಇದೇನು ಎಂದು ಕೇಳುತ್ತಿದ್ದಾನೆಂದು ಭಾಷೆ ಬಾರದಿದ್ದರೂ ತಿಳಿಯಿತು. ನಾನು ಕತ್ತರಿಸುವಂತೆ ಕೈ ಮಾಡಿ, ಜಗಿಯುವಂತೆ ಬಾಯಿ ಮಾಡಿ ತೋರಿಸಿದೆ. ಅವನು ತನ್ನ ಬೆರಳುಗಳನ್ನು ಹಿಂದಕ್ಕೆಳೆದುಕೊಂಡ. ಹಿಂದಿನಿಂದ ಮಲಯಾಳಿ ಹೆಂಗಸೊಬ್ಬಳು ಅರಬ್ಬಿಯಲ್ಲಿ ಏನೋ ಹೇಳಿದಳು. ಅವನು ನಕ್ಕು, ವೀಳ್ಯದೆಲೆಯ ಕಟ್ಟನ್ನು ಮೂಸಿ, "ಖಲ್ಲಿ ವಲ್ಲಿ" ಎಂದು ಪೆಟ್ಟಿಗೆ ಮುಚ್ಚಿದ. ಹೋಗಲಿ ಬಿಡು ಎಂಬುದಕ್ಕೆ ಅಲ್ಲಿನ ಮಾತು ಅದು. ನಾನು ಕಲಿತ ಮೊದಲ ಅರಬ್ಬಿ ಅದೇ.

ಸೆಗಯಾ

ತಂಗಿಯ ಮನೆ ಸೆಗಯಾದಲ್ಲಿ, ಹಳೆಯ ಕಟ್ಟಡವೊಂದರ ಮೇಲಿನ ಮಹಡಿಯಲ್ಲಿ. ಕೆಳಗೆ ದರ್ಜಿಯ ಅಂಗಡಿ, ಅದರ ಪಕ್ಕ ಕೋಲ್ಡ್ ಸ್ಟೋರ್. ಹೆಸರು ಕೇಳಿ ಐಸಿನ ಕಾರ್ಖಾನೆ ಇರಬೇಕೆಂದುಕೊಂಡಿದ್ದೆ. ಹೋಗಿ ನೋಡಿದರೆ ನಮ್ಮ ಜೀನಸು ಅಂಗಡಿ. ತಂಗಿಯ ಗಂಡ ವಿಠಲ ಮೀನಾ ಸಲ್ಮಾನ್ ಬಂದರಿನ ವರ್ಕ್‌ಶಾಪೊಂದರಲ್ಲಿ ಮ್ಯಾನೇಜರ್. ಅವನು ಹೋದ ಮೇಲೆ ಕಟ್ಟಡದಲ್ಲಿ ಏಸಿಯ ಗುರುಗುರು ಬಿಟ್ಟರೆ ಬೇರೆ ಸದ್ದಿಲ್ಲ. ನಮ್ಮೂರಲ್ಲಿ ಬೆಕ್ಕು ಮರಿಹಾಕಿದರೂ ಮಧ್ಯಾಹ್ನದೊಳಗೆ ನಾಲ್ಕು ಮನೆಗೆ ಗೊತ್ತಾಗುತ್ತದೆ. ಇಲ್ಲಿ ಎದುರುಮನೆಯ ಬಾಗಿಲು ತೆರೆದದ್ದನ್ನೇ ನಾನು ಕಾಣಲಿಲ್ಲ.

ಆದರೂ ನನಗೆ ನೆರೆಯವಳೊಬ್ಬಳು ಸಿಕ್ಕಿದಳು. ಸಿಕ್ಕಿದ ಬಗೆ ಮಾತ್ರ ಮರ್ಯಾದೆಯದ್ದಲ್ಲ. ಎಲೆಯಡಿಕೆ ಹಾಕಿಕೊಂಡು ಬಾಲ್ಕನಿಯಲ್ಲಿ ನಿಂತಿದ್ದವಳು ಊರಿನ ಅಭ್ಯಾಸದಂತೆ ಹೊರಗೆ ಪಿಚಕ್ಕನೆ ಉಗುಳಿದೆ. ಸ್ವಲ್ಪ ಹೊತ್ತಿನಲ್ಲಿ ಬಾಗಿಲು ತಟ್ಟಿದ ಸದ್ದು. ಎತ್ತರದ, ಕಪ್ಪು ಮೈಬಣ್ಣದ ಹೆಂಗಸೊಬ್ಬಳು ಕೈಯಲ್ಲಿ ಬಿಳಿ ಸಮವಸ್ತ್ರ ಹಿಡಿದು ನಿಂತಿದ್ದಳು. ಕೆಳಗಿನ ಬಾಲ್ಕನಿಯಲ್ಲಿ ಒಣಗಲು ಹಾಕಿದ್ದು, ಅದರ ತುಂಬ ಕೆಂಪು ಚುಕ್ಕೆ.

"ಯಾರಿಗೆ ಗಾಯ ಆಗಿದೆ?" ಎಂದು ಕೇಳಿದಳು. ಬೈಯಲು ಬಂದವಳಲ್ಲ ಅವಳು, ಪಟ್ಟಿ ಕಟ್ಟಲು ಬಂದವಳು. ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು.

"ಗಾಯ ಅಲ್ಲ, ನನ್ನ ಅಕ್ಕ," ಎಂದಳು ಶಶಿಕಲಾ.

ಆ ಸಮವಸ್ತ್ರವನ್ನು ನಾನೇ ನಿಂಬೆಹುಳಿ ತಿಕ್ಕಿ ಒಗೆದುಕೊಟ್ಟೆ. ಅವಳ ಹೆಸರು ಚಿನ್ಯೆರೆ. ನೈಜೀರಿಯಾದ ಇಗ್ಬೋ ಜನಾಂಗದ ಕ್ರೈಸ್ತಳು, ಆಸ್ಪತ್ರೆಯಲ್ಲಿ ನರ್ಸ್, ನಮ್ಮ ಕೆಳಗಿನ ಮಹಡಿಯಲ್ಲಿ ಒಬ್ಬಳೇ ಇರುವವಳು. ನನ್ನ ಟೀಚರ್ ಇಂಗ್ಲಿಷೂ ಅವಳ ಆಫ್ರಿಕಾದ ಇಂಗ್ಲಿಷೂ ಮೊದಲ ದಿನ ಮುಖ ತಿರುಗಿಸಿಕೊಂಡವು. ಎರಡನೆಯ ದಿನದಿಂದ ಚೆನ್ನಾಗಿಯೇ ಹೊಂದಿಕೊಂಡವು. ಅವಳ ಮಾತನ್ನು ಇಲ್ಲಿ ನಮ್ಮ ಕನ್ನಡ ಮಾಡಿ ಬರೆದಿದ್ದೇನೆ.

ಒಂದು ಸಂಜೆ ಊರಿನ ಮಾತು ಬಂತು. ಜಂಬ ಕೊಚ್ಚಿಕೊಳ್ಳಲು ನನಗೆ ಸಂದರ್ಭ ಬೇಕೇ? ನಮ್ಮ ಬಂಟರಲ್ಲಿ ಅಳಿಯಸಂತಾನ, ಮನೆ ಹೆಣ್ಣಿನ ಕಡೆಯಿಂದ ಇಳಿದು ಬರುವಂಥದ್ದು ಎಂದೆ. ಗಂಡಸು ಎಷ್ಟೇ ದುಡಿಯಲಿ, ಕುಟುಂಬದ ಆಸ್ತಿ ಅವನ ಮಕ್ಕಳಿಗಲ್ಲ, ಅಕ್ಕತಂಗಿಯರ ಮಕ್ಕಳಿಗೆ. ಹೊಸ ಕಾಯಿದೆ ಬಂದು ಎಲ್ಲ ಬದಲಾಯಿತು, ಆದರೂ ಈಗ ನಾನಿರುವ ಮನೆ ನನ್ನ ಹೆಸರಲ್ಲೇ ಉಂಟು, ಅಮ್ಮನಿಂದ ಬಂದದ್ದು, ಅಮ್ಮನಿಗೆ ಅವಳ ಅಮ್ಮನಿಂದ ಬಂದದ್ದು ಎಂದೆ.

"ಗಂಡಸರು ಒಪ್ಪಿದರಾ?" ಚಿನ್ಯೆರೆ ಕಣ್ಣರಳಿಸಿದಳು.

"ಯಜಮಾನ ಅಂತ ಸೋದರಮಾವನನ್ನು ಕೂರಿಸ್ತಿದ್ದರಲ್ಲ. ಬೀಗದ ಕೈ ಅವನ ಸೊಂಟದಲ್ಲೇ. ಅದಕ್ಕೇ ಒಪ್ಪಿದ್ದು."

ಅವಳು ಹೊಟ್ಟೆ ಹಿಡಿದು ನಕ್ಕಳು. ನಗು ನಿಂತ ಮೇಲೆ ತನ್ನ ಊರಿನದು ಹೇಳಿದಳು. ಅಲ್ಲಿ ಹೆಂಗಸು ಜಾಗದಲ್ಲಿ ಮರಗೆಣಸು ನೆಡಬಹುದು, ಕಳೆ ಕೀಳಬಹುದು, ಕೊಯ್ದು ಮಾರಬಹುದು. ಯಾಮ್ ಎಂಬ ದೊಡ್ಡ ಗೆಡ್ಡೆ ಮಾತ್ರ ಗಂಡಸಿನ ಬೆಳೆ, ಮಾನದ ಬೆಳೆ. ನೆಲವೂ ಹಾಗೆಯೇ. ಮಗಳು ಇನ್ನೊಂದು ಮನೆಗೆ ಹೋಗುವವಳು, ಅವಳಿಗೆ ನೆಲ ಕೊಟ್ಟರೆ ಹಿರಿಯರ ಮಣ್ಣನ್ನು ಪರರಿಗೆ ಕೊಟ್ಟಂತೆ ಎಂದು ನಂಬಿಕೆ. ಹೆಂಡತಿ ಇನ್ನೊಂದು ಮನೆಯಿಂದ ಬಂದವಳು, ಅವಳಿಗೂ ಇಲ್ಲ.

"ಬರುವವಳಿಗೂ ಇಲ್ಲ, ಹೋಗುವವಳಿಗೂ ಇಲ್ಲ," ಎಂದೆ.

"ಹೌದು. ನನ್ನ ಅಪ್ಪ ಹೋದ ವರ್ಷ ತೀರಿಕೊಂಡರು. ಅವರಿಗೆ ನಾವು ಇಬ್ಬರು ಹೆಣ್ಣುಮಕ್ಕಳೇ. ಈಗ ಜಾಗ ಚಿಕ್ಕಪ್ಪನಿಗೆ ಹೋಗ್ತದೆ. ಅದಕ್ಕೆ ನನ್ನ ಅಮ್ಮ ಮದುವೆ ಮಾಡ್ಕೊಳ್ತಾ ಇದ್ದಾರೆ."

"ಒಳ್ಳೆಯದೇ ಆಯ್ತು. ಹುಡುಗ ಯಾವ ಊರಿನವನು?" ನನಗೆ ಖುಷಿಯೇ ಆಯಿತು.

"ಹುಡುಗ ಇಲ್ಲ. ಅಮ್ಮ ಹೆಂಡತಿಯನ್ನು ತರ್ತಾ ಇದ್ದಾರೆ."

ನಾನು ಬಾಯಲ್ಲಿದ್ದ ಎಲೆಯಡಿಕೆ ನುಂಗಿಬಿಟ್ಟೆ. ಶಶಿಕಲಾ ನೀರು ತಂದುಕೊಟ್ಟಳು. ಚಿನ್ಯೆರೆ ಬಿಡಿಸಿ ಹೇಳಿದಳು. ಗಂಡುಮಗನಿಲ್ಲದ ವಿಧವೆ ತೀರಿಹೋದ ಗಂಡನ ಹೆಸರಲ್ಲಿ ಒಬ್ಬ ಹುಡುಗಿಯನ್ನು ಶಾಸ್ತ್ರೋಕ್ತವಾಗಿ ಮದುವೆಯಾಗಿ ತರಬಹುದು. ಹುಡುಗಿ ಮನೆಯಲ್ಲಿರುತ್ತಾಳೆ. ಯಾರಿಂದಲೋ ಅವಳಿಗೆ ಮಕ್ಕಳಾಗುತ್ತವೆ, ಅವು ಸತ್ತವನ ಮಕ್ಕಳೆಂದೇ ಲೆಕ್ಕ. ಗಂಡು ಹುಟ್ಟಿದರೆ ಒಲೆ ಉಳಿಯಿತು, ಜಾಗ ಉಳಿಯಿತು, ವಿಧವೆಯನ್ನು ಯಾರೂ ಎಬ್ಬಿಸುವಂತಿಲ್ಲ. ಇದಕ್ಕೆ ಹಿರಿಯ ಮಗಳ ಒಪ್ಪಿಗೆ ಬೇಕು. ಹಿರಿಯ ಮಗಳು ಚಿನ್ಯೆರೆ.

"ನೀನು ಒಪ್ಪಿದ್ದೀಯಾ?"

"ಅಮ್ಮ ಮದುವೆಯಾಗಿ ಬಂದ ದಿನದಿಂದ ಆ ಅಂಗಳ ಗುಡಿಸಿದವರು. ಈ ವಯಸ್ಸಲ್ಲಿ ಅವರು ಎಲ್ಲಿಗೆ ಹೋಗ್ಬೇಕು?" ಎಂದಳು.

ಶುಕ್ರವಾರ

ಬಹರೈನಿನ ಕ್ರೈಸ್ತರಿಗೆ ಶುಕ್ರವಾರವೇ ಭಾನುವಾರ; ರಜೆ ಇರುವ ದಿನ ದೇವರು ಸಿಗುತ್ತಾನೆ. ಅಂದು ಇಗರ್ಜಿಯ ಪೂಜೆ ಮುಗಿದ ಮೇಲೆ ಚಿನ್ಯೆರೆಯ ಮನೆಯಲ್ಲಿ ಮಾತುಕತೆ ಇತ್ತು. ಅವಳ ಚಿಕ್ಕಪ್ಪನ ಮಗ ಓಕೆ ಎಂಬವನು ಹಡಗಿನ ಇಂಜಿನಿಯರ್. ಅವನ ಹಡಗು ರಿಪೇರಿಗೆಂದು ಮೀನಾ ಸಲ್ಮಾನಿಗೆ ಬಂದು ನಿಂತಿತ್ತು. ತಂದೆಯ ಪರವಾಗಿ ಮಾತಾಡಲು ಅವನು ಬರುವವನಿದ್ದ. ಹಿರಿಯರೆಂದು ಅಲ್ಲೇ ಇದ್ದ ಇಗ್ಬೋ ಜನರ ಗಾಡ್ವಿನ್ ಎಂಬ ಅಕೌಂಟೆಂಟರನ್ನು ಕರೆದಿದ್ದರು.

"ಗಂಡಸರ ಮುಂದೆ ನಾನೊಬ್ಬಳೇ ಕೂರಬಾರದು. ನನ್ನ ಕಡೆಯಿಂದ ಹಿರಿಯ ಹೆಂಗಸು ಇಲ್ಲಿ ಯಾರೂ ಇಲ್ಲ. ನೀವು ಬಂದು ಸುಮ್ಮನೆ ಕೂತರೆ ಸಾಕು," ಎಂದಿದ್ದಳು ಚಿನ್ಯೆರೆ. ಸುಮ್ಮನೆ ಕೂರುವುದೊಂದನ್ನು ಬಿಟ್ಟು ಉಳಿದದ್ದೆಲ್ಲ ನನಗೆ ಬರುತ್ತದೆ ಎಂದು ಅವಳಿಗೆ ಯಾರು ಹೇಳಬೇಕು? ಶಶಿಕಲಾಳೂ ಕಾವಲಿಗೆಂದು ನನ್ನ ಜೊತೆ ಬಂದಳು.

ಎಲ್ಲರೂ ಕುಳಿತ ಮೇಲೆ ಓಕೆ ಮರದ ತಟ್ಟೆಯೊಂದರಲ್ಲಿ ಕಾಯಿಗಳನ್ನಿಟ್ಟ. ಕೋಲಾ ಕಾಯಿ, ನಸುಗೆಂಪು ಬಣ್ಣ, ದೊಡ್ಡ ಅಡಿಕೆಯಷ್ಟು ಗಾತ್ರ. ತಟ್ಟೆ ಕೈಯಿಂದ ಕೈಗೆ ದಾಟಿತು. ಪ್ರತಿಯೊಬ್ಬರೂ ಮುಟ್ಟಿ ಮುಂದಕ್ಕೆ ಕೊಟ್ಟರು. ಕೊನೆಗೆ ನನ್ನ ಹತ್ತಿರ ಬಂತು.

ನಮ್ಮ ಕಡೆ ಹರಿವಾಣದಲ್ಲಿ ಎಲೆ ಅಡಿಕೆ ಇಟ್ಟು ಹಿರಿಯ ಹೆಂಗಸಿನ ಮುಂದೆ ಹಿಡಿದರೆ ಅವಳೇನು ಮಾಡಬೇಕು? ನಾನು ಅದನ್ನೇ ಮಾಡಿದೆ. ಚೀಲದಿಂದ ಅಡಕತ್ತರಿ ತೆಗೆದು, ಒಂದು ಕಾಯಿ ಅದರ ಬಾಯಿಗಿಟ್ಟು ಕಟಕ್ಕೆಂದು ಕತ್ತರಿಸಿದೆ. ಹೋಳುಗಳನ್ನು ಅಂಗೈಯಲ್ಲಿ ಹಿಡಿದು "ತೆಗೆದುಕೊಳ್ಳಿ" ಎಂದು ಗಾಡ್ವಿನ್ನರತ್ತ ಚಾಚಿದೆ.

ಅವರ ಕೈ ಮುಂದೆ ಬರಲಿಲ್ಲ. ಶಶಿಕಲಾ ನನ್ನ ತೊಡೆ ಚಿವುಟಿ, "ಅಕ್ಕ, ನೀ ಎಂತ ಮಾಡಿದ್ದು ಮಾರಾಯ್ತಿ?" ಎಂದಳು. ನನಗೇನು ಗೊತ್ತು?

ಗಾಡ್ವಿನ್ ಕನ್ನಡಕ ತೆಗೆದು ಒರೆಸಿಕೊಂಡು ಮಗುವಿಗೆ ಹೇಳುವಂತೆ ಹೇಳಿದರು. "ತಾಯಿ, ಈ ಕಾಯಿಯನ್ನು ಹೆಂಗಸು ಒಡೆಯುವ ಹಾಗಿಲ್ಲ. ಇದು ತನ್ನ ಎಸಳಿನ ಗೆರೆಯಲ್ಲೇ ಬಿಡಿಸಿಕೊಳ್ಳಬೇಕು. ಎಷ್ಟು ಎಸಳು ಅಂತ ನೋಡಿ ನಾವು ಶಕುನ ಹೇಳ್ತೇವೆ. ನೀವು ಅಡ್ಡಕ್ಕೆ ಕತ್ತರಿಸಿಬಿಟ್ಟಿರಿ. ಪ್ರಾರ್ಥನೆಯೂ ಆಗಿಲ್ಲ, ಅದು ಇಗ್ಬೋದಲ್ಲೇ ಆಗಬೇಕು. ಕಾಯಿಗೆ ಇಂಗ್ಲಿಷ್ ಅರ್ಥ ಆಗೋದಿಲ್ಲ."

ಒಂದೇ ಏಟಿಗೆ ಇಷ್ಟೊಂದು ತಪ್ಪು ಮಾಡಿದ್ದೆ. ನಾಚಿಕೆಯಿಂದ ಏನು ಮಾಡುವುದೆಂದು ತಿಳಿಯದೆ ಒಂದು ಹೋಳನ್ನು ಬಾಯಿಗೆ ಹಾಕಿಕೊಂಡೆ. ಕಹಿಯೆಂದರೆ ಕಹಿ! ನನ್ನ ಮುಖ ನೋಡಿ ಓಕೆಯೂ ನಕ್ಕುಬಿಟ್ಟ.

"ತಿಂದದ್ದಾದರೂ ಸರಿಯಾ?" ಎಂದು ಕೇಳಿದೆ.

"ಹೆಂಗಸರು ತಿನ್ನಬಹುದು. ಪಾಲು ಮಾಡಬಾರದು, ಅಷ್ಟೇ," ಎಂದರು ಗಾಡ್ವಿನ್.

"ಜಾಗದ ಹಾಗೆಯೇ," ಎಂದಳು ಚಿನ್ಯೆರೆ ಮೆಲ್ಲನೆ.

ಬೇರೆ ಕಾಯಿ ತಂದರು. ಗಾಡ್ವಿನ್ ಪ್ರಾರ್ಥಿಸಿ ಒಡೆದರು. ಆಮೇಲೆ ಶುರುವಾದ ಮಾತಿನಲ್ಲಿ ಅರ್ಧ ಇಗ್ಬೋ, ಅರ್ಧ ನಮಗಾಗಿ ಇಂಗ್ಲಿಷ್. ಓಕೆ ಹೇಳಿದ್ದು ಇಷ್ಟು: ಮದುವೆಯ ಮಾತು ಬಿಡಿ, ಜಾಗ ಅಪ್ಪನಿಗೆ ಬರಲಿ, ದೊಡ್ಡಮ್ಮ ಬದುಕಿರುವ ತನಕ ಮನೆಯಲ್ಲಿರಲಿ. ಚಿನ್ಯೆರೆ ಅದನ್ನು ನಂಬಲಿಲ್ಲ. ಮೊದಲು ಇರಲಿ ಎನ್ನುತ್ತಾರೆ, ಆಮೇಲೆ ಅಂಗಳದಲ್ಲಿ ಆಡಿನ ಕೊಟ್ಟಿಗೆ ಕಟ್ಟುತ್ತಾರೆ, ಕೊನೆಗೆ ಅಡುಗೆಕೋಣೆ ಕೇಳುತ್ತಾರೆ, ಊರಲ್ಲಿ ಎಷ್ಟು ಕಂಡಿಲ್ಲ ಎಂದಳು. ಹುಡುಗಿ ಬರಲಿ, ತೀರಿಹೋದವನ ಒಲೆ ಆರಬಾರದು ಎಂದರು ಗಾಡ್ವಿನ್. ಚಿನ್ಯೆರೆ ತಲೆಯಾಡಿಸಿದಳು. ಒಪ್ಪಿಗೆ ಹೇಳಲು ಅವಳು ಬಾಯಿ ತೆರೆದದ್ದನ್ನು ನಾನು ನೋಡಿದೆ.

"ಆ ಹುಡುಗಿಯ ಹೆಸರೇನು?" ಎಂದು ಕೇಳಿದೆ. ಯಾವ ಉದ್ದೇಶವೂ ಇರಲಿಲ್ಲ. ನಮ್ಮ ಕಡೆ ಮದುವೆ ಮಾತು ಎಂದರೆ ಮೊದಲು ಕೇಳುವುದೇ ಅದನ್ನು.

ಓಕೆ ಚಿನ್ಯೆರೆಯನ್ನು ನೋಡಿದ. ಚಿನ್ಯೆರೆ ಗಾಡ್ವಿನ್ನರನ್ನು ನೋಡಿದಳು. ಯಾರಿಗೂ ಗೊತ್ತಿರಲಿಲ್ಲ. ಬಡವರ ಮನೆಯವಳು, ಆರೋಗ್ಯವಂತೆ ಎಂದಷ್ಟೇ ಅವರಿಗೆ ತಿಳಿದಿತ್ತು.

ಆಗ ನನಗೆ ಅಜ್ಜಿ ನೆನಪಾದಳು, ಅಮ್ಮನ ಅಮ್ಮ. ನಮ್ಮ ಮನೆ ಹೆಣ್ಣಿನಿಂದ ಹೆಣ್ಣಿಗೆ ಬಂದದ್ದು ಎಂದು ನಾನು ಕೊಚ್ಚಿಕೊಂಡಿದ್ದೆನಲ್ಲ, ಅದರಲ್ಲೊಂದು ತುಂಡು ಬಿಟ್ಟಿದ್ದೆ. ಒಂದು ತಲೆಮಾರಿನಲ್ಲಿ ಆ ಮನೆಯಲ್ಲಿ ಹುಟ್ಟಿದ್ದೆಲ್ಲ ಗಂಡು. ಅಳಿಯಸಂತಾನದವರಿಗೆ ಹೆಣ್ಣಿಲ್ಲವೆಂದರೆ ಸಂತಾನವೇ ತೀರಿದಂತೆ. ಹೊಳೆಯ ಆಚೆಯ ಬಡ ಸಂಬಂಧಿಕರ ಮನೆಯಿಂದ ಏಳು ವರ್ಷದ ಹುಡುಗಿಯನ್ನು ದತ್ತು ತಂದರು. ದೋಣಿ ಹತ್ತಿಸಿದ ದಿನವೇ ಹೆಸರು ಬದಲಿಸಿದರು. ಹಳೆಯ ಹೆಸರು ಏನಾಗಿತ್ತೆಂದು ನಮಗೆ ಯಾರಿಗೂ ಗೊತ್ತಿಲ್ಲ. ಮೈನೆರೆದ ಮೇಲೆ ಮದುವೆ ಮಾಡಿದರು, ಹೆಣ್ಣುಮಕ್ಕಳು ಹುಟ್ಟಿದರು, ಮನೆ ಉಳಿಯಿತು. ಅಜ್ಜಿಯನ್ನು ಎಲ್ಲರೂ ಮನೆಯ ಲಕ್ಷ್ಮಿ ಎಂದರು. ಮುದುಕಿಯಾದ ಮೇಲೂ ಆಗಾಗ ಹೊಳೆಯ ಕಡೆ ಮುಖ ಮಾಡಿ ಕೂತು ತುಳುವಿನಲ್ಲಿ ಒಂದೇ ಮಾತು ಹೇಳುತ್ತಿದ್ದಳು, "ಎನಡ ಏರ್ಲಾ ಕೇಂಡಿಜೆರ್." ನನ್ನನ್ನು ಯಾರೂ ಕೇಳಲಿಲ್ಲ ಎಂದು.

ಇಷ್ಟನ್ನೂ ನನ್ನ ಹರಕು ಇಂಗ್ಲಿಷಿನಲ್ಲಿ ಹೇಳಿದೆ. "ಆ ಹುಡುಗಿಯನ್ನು ಯಾರಾದರೂ ಕೇಳಿದ್ದೀರಾ?" ಎಂದು ಮುಗಿಸಿದೆ.

ಚಿನ್ಯೆರೆ ಒಪ್ಪಿಗೆ ಹೇಳಲಿಲ್ಲ. ಮೊದಲು ಹುಡುಗಿಯ ಜೊತೆ ಮಾತಾಡುತ್ತೇನೆ ಎಂದಳು. ಓಕೆ ಎದ್ದು ನಿಂತು ನನಗೆ ಕೈಮುಗಿದ. "ನೀವು ನನ್ನ ಅಪ್ಪನ ಪರ ಮಾತಾಡಿದಿರಿ, ಧನ್ಯವಾದ," ಎಂದ. ಆ ಮಾತು ನನಗೆ ಕಾಯಿಗಿಂತ ಕಹಿಯಾಯಿತು. ಮೆಟ್ಟಿಲು ಹತ್ತುವಾಗ ಶಶಿಕಲಾ, "ಅವರ ಮನೆ ವಿಷಯಕ್ಕೆ ನೀ ಯಾಕೆ ಬಾಯಿ ಹಾಕ್ಲಿಕ್ಕೆ ಹೋದದ್ದು?" ಎಂದು ಗದರಿದಳು.

ಮೀನಾ ಸಲ್ಮಾನ್

ಓಕೆಯ ಕೈಯಲ್ಲಿ ತಾಯಿಗೆ ಕಳಿಸಬೇಕಾದ ಔಷಧಿ, ಸೋಪು, ಒಂದು ಶಾಲು ಇದ್ದ ಕಟ್ಟನ್ನು ಚಿನ್ಯೆರೆ ನನ್ನ ಕೈಗೆ ಕೊಟ್ಟಿದ್ದಳು. ಅವಳಿಗೆ ಡ್ಯೂಟಿ ಇತ್ತು. ವಿಠಲ ಕೆಲಸಕ್ಕೆ ಹೋಗುವಾಗ ನನ್ನನ್ನೂ ಕರೆದೊಯ್ದು ಬಂದರಿನ ಗೇಟಿನ ಹತ್ತಿರ ಬಿಟ್ಟ. ಗೋದಾಮುಗಳ ಸಾಲು, ಡೀಸೆಲ್ ವಾಸನೆ, ಕಣ್ಣು ಕುಕ್ಕುವ ಬಿಸಿಲು. ನಮ್ಮ ಮಲ್ಪೆಯಲ್ಲಿ ಬಂದರೆಂದರೆ ಹೆಂಗಸರ ಗಲಾಟೆ, ಮೀನಿನ ಬುಟ್ಟಿ, ಬೈಗುಳ. ಇಲ್ಲಿ ಕಣ್ಣು ಹಾಯುವಷ್ಟು ದೂರ ಸೀರೆ ಉಟ್ಟವಳು ನಾನೊಬ್ಬಳೇ.

ಓಕೆ ಕೂಲಿಗಳ ಕ್ಯಾಂಟೀನಿನಲ್ಲಿ ಚಹಾ ಕೊಡಿಸಿದ. ದೊಡ್ಡ ಆಳು, ಆ ಕೈಯಲ್ಲಿ ಗ್ಲಾಸು ಕಾಣುತ್ತಲೇ ಇರಲಿಲ್ಲ.

"ತಾಯಿ, ನೀವು ನನ್ನನ್ನು ಕೆಟ್ಟವನು ಅಂದುಕೊಂಡಿದ್ದೀರಿ."

"ಅಂದುಕೊಂಡಿದ್ದೆ," ಎಂದೆ. ಸುಳ್ಳು ಯಾಕೆ ಹೇಳಲಿ?

ಅವನು ಜೇಬಿನಿಂದ ಒಂದು ಫೋಟೋ ತೆಗೆದ. ಬಿಳಿ ಫ್ರಾಕು ತೊಟ್ಟ ಮೂವರು ಹುಡುಗಿಯರು. "ನನ್ನ ಮಕ್ಕಳು. ಗಂಡು ಇಲ್ಲ. ನಾಳೆ ನಾನು ಸತ್ತರೆ ನನ್ನ ತಮ್ಮ ಬಂದು ಇವರ ಮುಂದೆ ಇದೇ ಮಾತು ಹೇಳ್ತಾನೆ."

"ಗೊತ್ತಿದ್ದೂ ಅಪ್ಪನ ಪರ ಬಂದೆಯಲ್ಲ!"

"ಅಪ್ಪ ಕಳಿಸಿದರು, ಬಂದೆ. ಬದಲಾಗಬೇಕು ಅಂತ ಎಲ್ಲರಿಗೂ ಉಂಟು. ಆದರೆ ನಮ್ಮ ಮನೆಯಿಂದಲೇ ಶುರುವಾಗಲಿ ಅಂತ ಯಾರೂ ಹೇಳೋದಿಲ್ಲ." ಫೋಟೋವನ್ನು ಜೇಬಿಗೆ ಸೇರಿಸಿ, "ನಾನಿರುವ ತನಕ ದೊಡ್ಡಮ್ಮನನ್ನು ಯಾರೂ ಎಬ್ಬಿಸೋದಿಲ್ಲ, ಇದು ನನ್ನ ಮಾತು," ಎಂದ.

ಅವನ ಮಾತನ್ನು ನಂಬಬೇಕೆನಿಸಿತು, ನಂಬಿದೆ ಕೂಡ. ಆದರೆ ಅವನು ವರ್ಷದಲ್ಲಿ ಹೆಚ್ಚು ಕಾಲ ನೀರಿನ ಮೇಲಿರುವವನು. ಅಂಗಳದಲ್ಲಿ ಆಡಿನ ಕೊಟ್ಟಿಗೆ ಎದ್ದರೆ ಅವನಿಗೆ ತಿಳಿಯುವಾಗ ಗೋಡೆಗೆ ಸುಣ್ಣವೂ ಬಳಿದಾಗಿರುತ್ತದೆ.

ಮನಾಮಾ

ಚಿನ್ಯೆರೆಯ ಊರಿನಲ್ಲಿ ಫೋನಿದ್ದದ್ದು ಇಗರ್ಜಿಯವರ ಆಸ್ಪತ್ರೆಯಲ್ಲಿ ಮಾತ್ರ. ಇಂಥ ದಿನ ಮಧ್ಯಾಹ್ನ ಅಲ್ಲಿಗೆ ಹುಡುಗಿಯನ್ನು ಕರೆತರಬೇಕೆಂದು ತಾಯಿಗೆ ಹೇಳಿಕಳಿಸಿ, ಅವಳು ನನ್ನ ಜೊತೆ ರಾಜಧಾನಿ ಮನಾಮಾದ ಟೆಲಿಫೋನ್ ಕಚೇರಿಗೆ ಬಂದಳು. ಹಾದಿಯಲ್ಲೇ ಚಿನ್ನದ ಬೀದಿ. ಅಂಗಡಿಯವರು ನನ್ನ ಸೀರೆ ನೋಡಿ "ಆಯಿಯೇ ಅಮ್ಮಾ, ದೇಖಿಯೇ" ಎಂದು ಕರೆದರು. ನಾವಿಬ್ಬರೂ ಆ ಕಡೆ ತಿರುಗಲಿಲ್ಲ.

ಕಚೇರಿಯಲ್ಲಿ ಗಾಜಿನ ಗೂಡುಗಳ ಸಾಲಿತ್ತು. ಒಂದೊಂದರಲ್ಲಿ ಒಬ್ಬೊಬ್ಬ ತನ್ನ ಊರಿಗೆ ಕೂಗುತ್ತಿದ್ದ. ಅವಳ ಸರದಿ ಬಂದಾಗ ನಾನು ಹೊರಗೆ ಬೆಂಚಿನ ಮೇಲೆ ಕುಳಿತೆ. ಒಳಗೆ ಅವಳು ಮೊದಲು ನಗುತ್ತ ಮಾತಾಡಿದಳು. ಆಮೇಲೆ ಕೇಳಿಸಿಕೊಂಡಳು. ಆಮೇಲೆ ಹಣೆಯನ್ನು ಗಾಜಿಗೆ ಒತ್ತಿ ನಿಂತುಬಿಟ್ಟಳು.

ಹೊರಗೆ ಬಂದು ನನ್ನ ಪಕ್ಕ ಕುಳಿತಳು. "ಅವಳ ಹೆಸರು ಉಜು," ಎಂದಳು. "ನಿನಗೆ ಇಷ್ಟ ಉಂಟಾ ಅಂತ ಕೇಳಿದೆ. ಹೀಗೆ ಯಾರೂ ಕೇಳಿಲ್ಲ, ಏನು ಹೇಳಬೇಕು ಅಂತ ಗೊತ್ತಿಲ್ಲ ಅಂದಳು. ಊಟಕ್ಕೆ ತೊಂದರೆ ಇಲ್ಲದ ಮನೆ ಅಂತ ಅವಳ ಅಪ್ಪ ಹೇಳಿದ್ದಾನಂತೆ. ಆಮೇಲೆ ಅವಳೇ ಕೇಳಿದಳು, 'ಅಕ್ಕ, ನನಗೂ ಹೆಣ್ಣೇ ಹುಟ್ಟಿದರೆ ಆಗ ಯಾರನ್ನು ತರ್ತೀರಿ?'"

ಪಕ್ಕದ ಗೂಡಿನಲ್ಲಿ ಯಾರೋ ಹಿಂದಿಯಲ್ಲಿ ಮಗುವಿನ ಜ್ವರ ವಿಚಾರಿಸುತ್ತಿದ್ದ.

"ಬರಬೇಡ ಅಂದೆ ಅವಳಿಗೆ," ಎಂದಳು ಚಿನ್ಯೆರೆ. "ಅಮ್ಮ ಅಲ್ಲೇ ಫೋನಿನ ಹತ್ತಿರ ನಿಂತಿದ್ದಾರೆ. ಅವರಿಗೆ ಇನ್ನೂ ಹೇಳಿಲ್ಲ. ನೀವೂ ಒಳಗೆ ಬನ್ನಿ. ಈ ಸಲ ಒಬ್ಬಳೇ ಹೋಗ್ಲಿಕ್ಕೆ ಆಗೋದಿಲ್ಲ."

ಅವಳು ಇನ್ನೊಂದು ಕರೆಗೆ ದುಡ್ಡು ಕಟ್ಟಿದಳು, ಒಬ್ಬರಿಗೆ ಮಾಡಿದ ಗೂಡಿನೊಳಗೆ ನಾವಿಬ್ಬರೂ ಹೊಕ್ಕೆವು. ಅವಳ ಭುಜ ನನ್ನ ಕಿವಿಗೆ ತಾಗುತ್ತಿತ್ತು. ಅವಳು ನಿಧಾನವಾಗಿ ಮಾತಾಡಿದಳು. ಆ ಕಡೆಯ ಧ್ವನಿ ನನಗೂ ಕೇಳುತ್ತಿತ್ತು. ಮೊದಲು ಜೋರು, ಆಮೇಲೆ ಇನ್ನೂ ಜೋರು. ಬೈಗುಳಕ್ಕೆ ಭಾಷೆ ಬೇಕಾಗಿಲ್ಲ. ಇದ್ದಕ್ಕಿದ್ದಂತೆ ಆ ಧ್ವನಿ ಇಳಿದು ಒಂದೇ ಒಂದು ಮಾತು ಕೇಳಿತು. ಚಿನ್ಯೆರೆ ರಿಸೀವರನ್ನು ಕಿವಿಯಿಂದ ಸರಿಸಿದಳು.

"ಏನಂತೆ?" ಎಂದೆ.

"ಹಾಗಾದರೆ ಇವತ್ತಿನಿಂದ ನಾನು ಯಾರ ಮನೆಯಲ್ಲಿದ್ದೇನೆ ಅಂತ ಕೇಳ್ತಿದ್ದಾರೆ."

ಹುಡುಗಿಯನ್ನು ಕೇಳಿದ್ದೀರಾ ಎಂದು ದೊಡ್ಡದಾಗಿ ಕೇಳಿದವಳು ನಾನು. ಕೇಳಿದ್ದು ತಪ್ಪೆಂದು ಇಂದಿಗೂ ಅನಿಸುವುದಿಲ್ಲ. ಆದರೆ ಮುಂದಿನ ವಾರ ನಾನು ನನ್ನದೇ ಹೆಸರಿನ ಮನೆಗೆ ಹೋಗಿ ಕಾಲು ಚಾಚಿ ಕೂರುವವಳು. ನನ್ನ ನ್ಯಾಯದ ಮಾತಿಗೆ ಅಂಗಳ ಬಿಟ್ಟುಕೊಡಬೇಕಾದವಳು, ನಾನು ಮುಖ ಕೂಡ ನೋಡದ ಆ ವಿಧವೆ.

ಚಿನ್ಯೆರೆ ರಿಸೀವರನ್ನು ನನ್ನತ್ತ ಚಾಚಿದಳು. ಅವಳ ಕಡೆಯ ಹಿರಿಯ ಹೆಂಗಸು ನಾನೇ ಅಲ್ಲವೇ? ತೆಗೆದು ಕಿವಿಗಿಟ್ಟುಕೊಂಡೆ. ಅತ್ತ ಕಡೆಯಿಂದ ಉಸಿರು ಕೇಳಿತು. ಮಗಳೇ ಇದ್ದಾಳೆಂದುಕೊಂಡು ಆಕೆ ಅದೇ ಮಾತನ್ನು ಮತ್ತೊಮ್ಮೆ, ಈ ಸಲ ಬಹಳ ಮೆತ್ತಗೆ, ಕೇಳಿದಳು. ನನಗೆ ಇಗ್ಬೋ ಬರುತ್ತಿರಲಿಲ್ಲ. ಬಂದಿದ್ದರೂ ಹೇಳಲು ನನ್ನ ಬಳಿ ಏನೂ ಇರಲಿಲ್ಲ.